ಒಂಬತ್ತನೆಯ ವಿಮಾನದ ಬಲರೆಕ್ಕೆ

ನಾನು ವಾಯುಪಡೆಯ ನೆರಳು ವಿಭಾಗಕ್ಕೆ ಲೆಕ್ಕ ಸಹಾಯಕಿಯಾಗಿ ಸೇರಿದಾಗ ನಮ್ಮ ದೇಶದ ಬಳಿ ಹಾರಬಲ್ಲ ವಿಮಾನಗಳು ಏಳು ಉಳಿದಿದ್ದವು. ನಾನು ಹುಟ್ಟಿದ ವರ್ಷ ಮೂವತ್ತೊಂದು ಇದ್ದವು. ಈ ಎರಡು ಸಂಖ್ಯೆಗಳ ನಡುವೆ ಯಾವ ಯುದ್ಧವೂ ನಡೆಯಲಿಲ್ಲ. ಯಾವ ವಿಮಾನವನ್ನೂ ಯಾರೂ ಹೊಡೆದುರುಳಿಸಲಿಲ್ಲ. ಇಂಜಿನ್ ತಯಾರಿಸುತ್ತಿದ್ದ ದೂರದ ದೇಶ ಆ ಮಾದರಿಯನ್ನು ನಿಲ್ಲಿಸಿತು. ತರಿಸಿದ ಟೈರುಗಳು ಕಾಗದಪತ್ರಕ್ಕಾಗಿ ಬಂದರಿನ ಗೋದಾಮಿನಲ್ಲಿ ಎರಡು ವರ್ಷ ಕಾದು ಬಿರುಕುಬಿಟ್ಟವು. ತರಬೇತಿಗೆಂದು ಹೊರದೇಶಕ್ಕೆ ಹೋದ ಹನ್ನೆರಡು ಪೈಲಟ್‌ಗಳಲ್ಲಿ ಮೂವರು ಮರಳಿದರು. ಉಳಿದವರು ಅಲ್ಲಿಯೇ ಪ್ರಯಾಣಿಕ ವಿಮಾನಗಳಲ್ಲಿ ಕೆಲಸ ಹಿಡಿದರು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಕಾರಣವೂ ಸಣ್ಣದು. ಅವುಗಳನ್ನು ಕೂಡಿಸಿ ನೋಡುವ ಕೆಲಸ ಯಾರ ಮೇಜಿಗೂ ಸೇರಿರಲಿಲ್ಲ.

ನಮ್ಮ ಊರಿನ ಮೇಲೆ ಹಾರುವ ವಿಮಾನ ಎಲ್ಲಿ ಒಮ್ಮೆ ರೆಕ್ಕೆ ವಾಲಿಸುತ್ತದೋ ಅಲ್ಲಿ ಅದರ ನೆರಳು ಕಳಚಿ ನೆಲಕ್ಕೆ ಬೀಳುತ್ತದೆ. ವಿಮಾನ ಮುಂದೆ ಹೋಗುತ್ತದೆ. ನೆರಳು ಬಿದ್ದಲ್ಲಿಯೇ ಹನ್ನೊಂದು ದಿನ ಇರುತ್ತದೆ. ಮೊದಲ ಕೆಲವು ದಿನ ಅದರ ಅಂಚು ಕತ್ತರಿಸಿದಂತೆ ಸ್ಪಷ್ಟ. ಆಮೇಲೆ ಸುತ್ತಲಿನಿಂದ ಸವೆಯುತ್ತಾ ಕೊನೆಗೆ ಒಂದು ಚಾಪೆಯಷ್ಟಾಗಿ ಮುಗಿಯುತ್ತದೆ. ಅಷ್ಟರಲ್ಲಿ ವಿಮಾನಕ್ಕೆ ಹೊಸ ನೆರಳು ಬಂದಿರುತ್ತದೆ, ಒಂದು ಹಾರಾಟಕ್ಕೆ ಒಂದು. ಊರಿನ ನೆಲವೆಲ್ಲ ಹಾಸುಬಂಡೆ. ಮರ ಬೇರೂರುವುದಿಲ್ಲ. ಚಪ್ಪರ ಹಾಕಿದರೆ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಸೆಕೆ ಕಡಿಮೆಯಾಗುವುದಿಲ್ಲ. ತಂಪು ಇರುವುದು ವಿಮಾನದ ನೆರಳಿನಲ್ಲಿ ಮಾತ್ರ.

ನನ್ನ ಬಾಲ್ಯದಲ್ಲಿ ಇದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಇಂಜಿನ್‌ಗಳ ಸದ್ದು ಕೇಳಿದೊಡನೆ ಹೆಂಗಸರು ಅಂಗಳದಿಂದ ಪಾತ್ರೆಗಳನ್ನು ಬದಿಗೆ ಸರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸರಕು ವಿಮಾನಗಳ ಅಗಲವಾದ ನೆರಳು ಶಾಲೆಗೆ, ಸಂತೆಗೆ, ಆಸ್ಪತ್ರೆಯ ಮುಂಭಾಗಕ್ಕೆ. ಯುದ್ಧವಿಮಾನಗಳ ಚೂಪು ನೆರಳು ಓಣಿಗಳಿಗೆ. ನಾನು ಎರಡನೆಯ ತರಗತಿ ಕಲಿತದ್ದು ಒಂದು ಸರಕು ವಿಮಾನದ ಬಾಲದೊಳಗೆ ಕುಳಿತು. ರೆಕ್ಕೆಯೊಳಗೆ ಕೂರುವವರು ದೊಡ್ಡ ತರಗತಿಯವರು. ನಾನು ಮೇಲೆ ನೋಡಿ ವಿಮಾನಗಳನ್ನು ಎಣಿಸುತ್ತಿದ್ದೆ, ಮೇಷ್ಟ್ರು ಬೈಯುತ್ತಿದ್ದರು. ಈಗಲೂ ಎಂಟೂವರೆಯಾದರೆ ನನ್ನ ಕಿವಿ ತಾನಾಗಿ ಎಚ್ಚರಗೊಳ್ಳುತ್ತದೆ. ಆ ಸದ್ದನ್ನು ನಾನು ಹಂಬಲಿಸುವಷ್ಟು ಬೇರೆ ಯಾವುದನ್ನೂ ಹಂಬಲಿಸಿದ್ದಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ವಿಮಾನಗಳು ಕಡಿಮೆಯಾದಂತೆ ನೆರಳಿಗೆ ಅರ್ಜಿ ಬಂತು, ಅರ್ಜಿಗೆ ಕ್ರಮಸಂಖ್ಯೆ ಬಂತು, ಕ್ರಮಸಂಖ್ಯೆಯನ್ನು ಕಾಯಲು ಸರದಿ ಪುಸ್ತಕ ಬಂತು, ಪುಸ್ತಕವನ್ನು ನೋಡಿಕೊಳ್ಳಲು ಭೌತವಿಜ್ಞಾನದ ಪದವಿಯಿದ್ದ ನಾನು ಬಂದೆ. ಸರದಿಯಲ್ಲಿ ಮುಂದಿರುವವರ ಅಂಗಳದ ಅಳತೆ, ಆ ಹೊತ್ತಿಗೆ ಸೂರ್ಯನ ಎತ್ತರ, ವಿಮಾನದ ಎತ್ತರ ಮತ್ತು ವೇಗ, ಇವುಗಳಿಂದ ಪೈಲಟ್ ಯಾವ ಕ್ಷಣದಲ್ಲಿ ರೆಕ್ಕೆ ವಾಲಿಸಬೇಕೆಂದು ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದು ಕೊಡುವುದು ನನ್ನ ಕೆಲಸ. ಆರು ವರ್ಷಗಳಲ್ಲಿ ನನ್ನ ಲೆಕ್ಕ ಒಂದೂವರೆ ಮೀಟರಿಗಿಂತ ಹೆಚ್ಚು ತಪ್ಪಿದ್ದಿಲ್ಲ. ವಿಭಾಗದ ನೌಕರರು ನೆರಳಿಗೆ ಅರ್ಜಿ ಹಾಕುವಂತಿಲ್ಲ ಎಂಬ ನಿಯಮವಿತ್ತು. ನಾನು ಹಾಕಲಿಲ್ಲ.

ತಿಂಗಳಿಗೊಮ್ಮೆ, ಮೊದಲ ಸೋಮವಾರ, ಹಪ್ಪಳದ ಓಣಿಯ ನೀಲಗಂಗವ್ವ ತನ್ನ ಸಂಖ್ಯೆ ಕೇಳಲು ಬರುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ದಿನಕ್ಕೆ ಮುನ್ನೂರು ಉದ್ದಿನ ಹಪ್ಪಳ ಲಟ್ಟಿಸಿ ಅಂಗಳದಲ್ಲಿ ಒಣಹಾಕುವುದು ಆಕೆಯ ದುಡಿಮೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಮುಖವೇ ಹಾಗೆ ನಿಂತುಬಿಟ್ಟಿತ್ತು. ಒಳಗೆ ಬಂದು ಬೆಂಚಿನ ಮೇಲೆ ಕುಳಿತರೂ ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ.

“ಏನವ್ವಾ ಲೆಕ್ಕದಾಕಿ, ನನ್ನ ಪಾಳಿ ಎಲ್ಲಿಗಿ ಬಂತು?”

“ನಿಮ್ದು ನಾಕ ಸಾವಿರದ ಎರಡನೂರ ಹದಿನೆಂಟು, ಚಿಗವ್ವ. ಈಗ ನಾಕ ಸಾವಿರದ ಎರಡನೂರಾ ಎರಡು ನಡದೈತಿ.”

“ಹೋದ ತಿಂಗಳೂ ಇದನ್ನ ಅಂದಿದ್ದೆಲ್ಲ!”

“ಹೋದ ತಿಂಗಳು ವಿಮಾನ ಹಾರಿಲ್ರಿ. ಪಂಪ್ ಕೆಟ್ಟಿತ್ತು.”

“ವಿಮಾನದ ಪಂಪ್ ಕೆಟ್ಟರ ಹಾರಂಗಿಲ್ಲ. ನಮ್ಮ ಸೊಂಟ ಕೆಟ್ಟರ ಮಾತ್ರ ಲಟ್ಟಸಽ ಬೇಕು,” ಎಂದು ಆಕೆ ನೀರು ಕುಡಿದಳು.

ಆಕೆ ಅರ್ಜಿ ಹಾಕಿದ್ದು ಹದಿಮೂರು ವರ್ಷಗಳ ಹಿಂದೆ, ಮಗಳ ಮದುವೆಗೆಂದು. ಅರ್ಜಿಯಲ್ಲಿ ‘ಕಾರಣ’ ಎಂಬ ಅಂಕಣದಲ್ಲಿ ಹಾಗೆಯೇ ಬರೆದಿತ್ತು. ಮಗಳ ಮದುವೆ ಸುಡುಬಿಸಿಲಿನಲ್ಲಿ ಮುಗಿದು ಆಕೆಗೆ ಇಬ್ಬರು ಮಕ್ಕಳೂ ಆಗಿದ್ದರು. ಕಾರಣ ಮುಗಿದ ಅರ್ಜಿಗಳನ್ನು ಹಿಂಪಡೆಯುವ ಅವಕಾಶವಿದೆ ಎಂದು ತಿಳಿಸುವುದು ನನ್ನ ಕರ್ತವ್ಯವಾದ್ದರಿಂದ ಒಮ್ಮೆ ತಿಳಿಸಿದೆ.

“ಆಗ ಆಕಿ ಸಲುವಾಗಿತ್ತು. ಈಗ ನನ್ನ ಸಲುವಾಗಿ,” ಎಂದಳು. “ನೆರಳಾಗ ಹಪ್ಪಳ ಒಣಗತಾವೇನು?”

“ಇಲ್ರಿ.”

“ಒಣಗಲಿಲ್ಲ ಅಂದ್ರ ಲಟ್ಟಸು ಅಂತ ಯಾರರ ಅಂತಾರೇನು? ಅಂಗಡಿ ಸಾವಕಾರ ಅನ್ನಂಗಿಲ್ಲ, ಮಗ ಅನ್ನಂಗಿಲ್ಲ, ಸೊಸಿ ಅನ್ನಂಗಿಲ್ಲ. ಅಂಗಳ ತುಂಬ ನೆರಳು ಬಿದ್ದೈತಿ, ನಾ ಏನ್ ಮಾಡ್ಲಿ ಅಂತ ಹನ್ನೊಂದು ದಿನ ಕುಂಡ್ರತೀನಿ.”

“ಕುಂತು ಏನ್ ಮಾಡ್ತೀರಿ?”

“ಕುಂಡ್ರೂದು. ಕುಂತಾಗೂ ಮತ್ತೇನರ ಮಾಡಬೇಕೇನು?”

ನಾನು ‘ಕಾರಣ’ದ ಅಂಕಣದಲ್ಲಿ ಮದುವೆ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ದಿನಾಂಕ ಹಾಕಿ, ‘ಕುಳಿತುಕೊಳ್ಳಲು’ ಎಂದು ಬರೆದುಕೊಂಡೆ.

ಕಳೆದ ಎರಡು ವರ್ಷಗಳಲ್ಲಿ ಹಾರುತ್ತಿದ್ದ ವಿಮಾನ ಒಂದೇ. ಅದಕ್ಕೆ ಹದಿನಾಲ್ಕು ಎಂಬ ಸಂಖ್ಯೆ ಇತ್ತಾದರೂ ಹದಿನಾಲ್ಕರದು ಎಂದು ಹೇಳಬಹುದಾಗಿದ್ದದ್ದು ಮೈ ಮಾತ್ರ. ಎಡರೆಕ್ಕೆ ಇಪ್ಪತ್ತೆರಡನೆಯದು, ಬಾಲ ಮೂರನೆಯದು, ಬಲರೆಕ್ಕೆ ಒಂಬತ್ತನೆಯದು. ಇದನ್ನು ಜೋಡಿಸಿದವರು ಮಿಸ್ತ್ರಿ ಲಾಡಸಾಬರು. ಹೊಸ ಬಿಡಿಭಾಗ ಬಾರದ ದೇಶದಲ್ಲಿ ಒಂದು ವಿಮಾನವನ್ನು ಹಾರಿಸಲು ಮತ್ತೊಂದನ್ನು ಬಿಚ್ಚುವುದೇ ದಾರಿ. ಬಿಚ್ಚುವ ಮುನ್ನ ಲಾಡಸಾಬರು ಆ ವಿಮಾನದ ಮೂಗನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕೈಗೆ ಎಣ್ಣೆ ಮೆತ್ತಿಕೊಂಡವರೆಲ್ಲ ಒಬ್ಬೊಬ್ಬರಾಗಿ ಲಾರಿ ಗ್ಯಾರೇಜುಗಳಿಗೆ ಹೋದ ಮೇಲೂ ಅವರು ಉಳಿದಿದ್ದರು.

ಹೀಗೆ ಜೋಡಿಸಿದ ಮೊದಲ ಹಾರಾಟದಂದೇ ನಾನು ಒಂದು ದೋಷವನ್ನು ಗಮನಿಸಿದೆ. ಮೈ, ಬಾಲ, ಎಡರೆಕ್ಕೆಯ ನೆರಳು ಲೆಕ್ಕ ಹಾಕಿದಲ್ಲಿ ಬಿತ್ತು. ಬಲರೆಕ್ಕೆಯ ನೆರಳು ಮಾತ್ರ ತಡವಾಗಿ ಕಳಚಿ, ಇನ್ನೂರ ಇಪ್ಪತ್ನಾಲ್ಕು ಮೀಟರ್ ಆಚೆ, ಕುಂಬಾರರ ಭಟ್ಟಿಯ ಮೇಲೆ ಬಿತ್ತು. ಮತ್ತೆ ಏಳು ಹಾರಾಟಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದೆ. ತಡ ಪ್ರತಿಬಾರಿಯೂ ಮೂರು ಸೆಕೆಂಡು ಮತ್ತು ಒಂದು ದಶಾಂಶ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ರೆಕ್ಕೆಯ ನೆರಳು ಬಾಳುತ್ತಿದ್ದುದೂ ಹನ್ನೊಂದು ದಿನವಲ್ಲ, ನಾಲ್ಕೇ ದಿನ. ಲಾಡಸಾಬರ ಬಳಿ ಹೋಗಿ ಹೇಳಿದೆ.

“ಒಂಬತ್ತನೇ ವಿಮಾನ ಎಂಟು ವರ್ಷ ಶೆಡ್ಡಿನ್ಯಾಗ ಮಲಗಿತ್ತು ಬಾಯಾರ,” ಎಂದು ಅವರು ಸ್ಪ್ಯಾನರನ್ನು ನನ್ನತ್ತ ತೋರಿಸಿದರು. “ಎಂಟು ವರ್ಷ ಮಲಗಿದ್ದನ್ನ ಎಬ್ಬಿಸಿ ಓಡು ಅಂದ್ರ ತುಸು ತಡಾ ಮಾಡ್ತೈತಿ. ನಿಮ್ಮನ್ನ ಎಬ್ಬಿಸಿದ್ರ ನೀವು ಮೂರು ಸೆಕೆಂಡಿನ್ಯಾಗ ಏಳ್ತೀರೇನು?”

ಈ ವಿವರಣೆಯನ್ನು ನಾನು ಮುಖ್ಯ ಕಚೇರಿಗೆ ಕಳಿಸಿದ ಟಿಪ್ಪಣಿಯಲ್ಲಿ ಸೇರಿಸಲಿಲ್ಲ, ಸಂಖ್ಯೆಯನ್ನು ಸೇರಿಸಿದೆ. ಅಲ್ಲಿ ಯಾರಾದರೂ ಅದನ್ನು ಓದಿದ ಸೂಚನೆ ಎಂದೂ ಸಿಗಲಿಲ್ಲ. ಅರ್ಜಿದಾರರಿಗೆ ಒಂದು ರೆಕ್ಕೆ ಕಡಿಮೆ ಸಿಗುತ್ತಿತ್ತು. ಅವರು ಅದಕ್ಕೂ ಹೊಂದಿಕೊಂಡರು.

ಆ ವರ್ಷ ಬೇಸಿಗೆಯ ನಡುವೆ ಆದೇಶ ಬಂತು. ವಾಯುಪಡೆಯನ್ನು ಮುಚ್ಚಲಾಗುವುದು. ಹದಿನಾಲ್ಕನ್ನು ಮೀನು ಸಾಗಿಸುವ ಒಂದು ಹೊರದೇಶದ ಸಂಸ್ಥೆ ಕೊಂಡಿದೆ. ಕೊನೆಯ ಹಾರಾಟ ಕವಾಯತು ಮೈದಾನದ ಮೇಲೆ, ಬೀಳ್ಕೊಡುಗೆ ಸಮಾರಂಭದಂದು ಬೆಳಿಗ್ಗೆ ಹತ್ತಕ್ಕೆ. ವಿಮಾನ ಅಲ್ಲಿಂದ ನೇರವಾಗಿ ಗಡಿ ದಾಟುವುದು. ಕೊನೆಯ ನೆರಳು ವೇದಿಕೆಗೆ. ನಾನು ಸರದಿ ಪುಸ್ತಕ ತೆರೆದೆ. ಹಿಂದಿನ ವಾರ ನಾಲ್ಕು ಸಾವಿರದ ಇನ್ನೂರ ಹದಿನೇಳು ಮುಗಿದಿತ್ತು.

ಪುಸ್ತಕವನ್ನು ಹಿಡಿದು ಕಮಾಂಡರ್ ತೊರಗಲ್ಲರ ಕೋಣೆಗೆ ಹೋದೆ. ಅವರು ಒಂದು ಕಾಲದಲ್ಲಿ ಮೂವತ್ತೊಂದು ವಿಮಾನಗಳ ತಂಡದಲ್ಲಿ ಮುಂದಿನ ಸಾಲಿನಲ್ಲಿ ಹಾರಿದವರು. ಈಗ ಅವರ ಕೆಳಗೆ ಇದ್ದವರು ಒಬ್ಬ ಪೈಲಟ್, ಒಬ್ಬ ಮಿಸ್ತ್ರಿ ಮತ್ತು ನಾನು.

“ಸರ್, ಮುಂದಿನ ನೆರಳು ಹಪ್ಪಳದ ಓಣಿಯ ನೀಲಗಂಗವ್ವನದು. ಹದಿಮೂರು ವರ್ಷ ಕಾದಾರ.”

“ನೋಡ್ರಿ ವಿಶಾಲಾಕ್ಷಿ,” ಎಂದರು ಅವರು, ಪುಸ್ತಕವನ್ನು ನೋಡದೆಯೇ. “ಹಳೆ ಪೈಲಟ್ರೆಲ್ಲ ಬರ್ತಾರ. ಎಂಬತ್ತು ದಾಟಿದವರು ಅದಾರ. ಒಬ್ಬರಿಗೆ ಕಣ್ಣಽ ಕಾಣಂಗಿಲ್ಲ, ಸದ್ದು ಕೇಳಾಕ ಬರ್ತೀನಿ ಅಂದಾರ. ಅವ್ರನ್ನ ಬಿಸಲಾಗ ಕುಂಡ್ರಸ್ಲೇನು?”

“ನಿಯಮ...”

“ಐವತ್ತೆರಡು ವರ್ಷ ಇದ್ದ ಪಡೆ. ಅದಕ್ಕ ಒಂದು ಮರ್ಯಾದಿ ಕೊನಿ ಬ್ಯಾಡೇನ್ರಿ? ಹಪ್ಪಳದಾಕಿಗೆ ನಾನಽ ಬಂದು ಕೈ ಮುಗೀತೀನಿ ಬೇಕಾದ್ರ. ಚೀಟಿ ಬರೀರಿ. ವೇದಿಕೆಗೆ.”

ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ವಾದಿಸುವುದು ಸುಲಭವಾಗುತ್ತಿತ್ತು. ನಾನು ಹೊರಗೆ ಬಂದು ಬಹಳ ಹೊತ್ತು ಮೆಟ್ಟಿಲ ಮೇಲೆ ನಿಂತೆ. ಇಬ್ಬರದೂ ಸರಿಯಿತ್ತು. ನೆರಳು ಒಂದೇ ಇತ್ತು. ಹಾಗೆ ಯೋಚಿಸಿದ ಮರುಗಳಿಗೆಯೇ ನಾನು ತಪ್ಪು ಹೇಳುತ್ತಿದ್ದೇನೆಂದು ನನಗೆ ಹೊಳೆಯಿತು. ನೆರಳು ಒಂದೇ ಇರಲಿಲ್ಲ. ಎರಡು ವರ್ಷಗಳಿಂದ ಅದು ಎರಡಾಗಿಯೇ ಬೀಳುತ್ತಿತ್ತು.

ಮರುದಿನ ರಜೆ. ಅಳತೆಯ ಸರಪಳಿ ತೆಗೆದುಕೊಂಡು ವೇದಿಕೆಯ ಜಾಗದಿಂದ ಪಶ್ಚಿಮಕ್ಕೆ, ಮೈದಾನದ ಗೋಡೆ ದಾಟಿ, ನೀಲಗಂಗವ್ವನ ಅಂಗಳದ ನಡುವಿನವರೆಗೆ ಅಳೆದೆ. ಇನ್ನೂರ ನಲವತ್ತು ಮೀಟರ್. ಮಾಮೂಲಿನಂತೆ ಗಂಟೆಗೆ ಇನ್ನೂರ ಅರವತ್ತು ಕಿಲೋಮೀಟರ್ ವೇಗದಲ್ಲಿ ಹಾರಿದರೆ ರೆಕ್ಕೆ ಹದಿನಾರು ಮೀಟರ್ ಈಚೆಗೆ, ಗೋಡೆಯಾಚೆಯ ಗಟಾರದಲ್ಲಿ ಬೀಳುತ್ತಿತ್ತು. ಅಂಗಳವನ್ನು ಸರಿಸಲು ಬರುವುದಿಲ್ಲ. ವೇದಿಕೆಯ ಜಾಗ ಆದೇಶದಲ್ಲಿ ನಿಗದಿಯಾಗಿತ್ತು. ಮೂರು ಸೆಕೆಂಡು ಒಂದು ದಶಾಂಶ ಒಂಬತ್ತನೆಯ ವಿಮಾನದ ಸ್ವಭಾವ. ಬದಲಿಸಬಹುದಾದದ್ದು ವೇಗ ಒಂದೇ. ಇನ್ನೂರ ಎಪ್ಪತ್ತೊಂಬತ್ತು ಬೇಕಿತ್ತು.

ಸರಪಳಿಯನ್ನು ಸುತ್ತುತ್ತಿರುವಾಗ ಲಟ್ಟಣಿಗೆ ಹಿಡಿದು ಕುಳಿತಿದ್ದ ನೀಲಗಂಗವ್ವ ನನ್ನನ್ನೇ ನೋಡುತ್ತಿದ್ದಳು.

“ಏನ್ ಅಳೀತಿ? ಮನಿ ಗಿನಿ ಕೆಡವತಾರೇನು?”

“ಇಲ್ಲ ಚಿಗವ್ವ. ಗುರುವಾರ ಹತ್ತು ಗಂಟೆಗೆ ಅಂಗಳ ಖಾಲಿ ಇಡ್ರಿ.”

ಲಟ್ಟಣಿಗೆ ನಿಂತಿತು. “ಖರೇನ?”

“ಪೂರಾ ವಿಮಾನ ಅಲ್ಲ. ಒಂದು ರೆಕ್ಕಿ. ಹನ್ನೊಂದು ದಿನ ಇರಂಗಿಲ್ಲ. ನಾಕು ದಿನ.”

“ನಾಕಽ?” ಆಕೆ ಅಂಗಳದಲ್ಲಿದ್ದ ಹಪ್ಪಳಗಳನ್ನೆಲ್ಲ ಒಂದು ಸಲ ನೋಡಿದಳು. “ಹದಿಮೂರು ವರ್ಷಕ್ಕ ನಾಕು ದಿನ. ಬಾಳ ಜುಗ್ಗ ಐತಿ ನಿಮ್ಮ ಸರಕಾರ. ಆಗಲಿ. ನಾಕು ದಿನ ಅಂದ್ರ ನಾಕು ದಿನ. ಸಾವಕಾರಗ ಈಗಽ ಹೇಳಿ ಬರ್ತೀನಿ, ಅವನ ಮುಖಾ ನೋಡಬೇಕು ನಾ.” ಹಿಟ್ಟಿನ ಕೈಯಲ್ಲಿಯೇ ಎದ್ದು ಹೊರಟಳು.

ಪೈಲಟ್ ಅರವಟಗಿಯವರಿಗೆ ಚೀಟಿ ಕೊಡುವ ಪದ್ಧತಿ ಹೀಗಿತ್ತು: ನಾನು ಚೀಟಿಯನ್ನು ಶೆಡ್ಡಿನ ಹಲಗೆಗೆ ಸಿಕ್ಕಿಸುತ್ತಿದ್ದೆ; ಹಾರಾಟ ಮುಗಿದ ಮೇಲೆ ಅವರು ಅದರ ಹಿಂಬದಿಯಲ್ಲಿ ‘ಸರಿ’ ಎಂದು ಬರೆದು ಮರಳಿಸುತ್ತಿದ್ದರು. ಕೆಲವೊಮ್ಮೆ ಒಂದು ಸಾಲು ಹೆಚ್ಚಿಗೆ ಇರುತ್ತಿತ್ತು. ‘ಸರಿ. ಉತ್ತರದ ಕೆರೆ ಮೇಲಿಂದ ಬಿಳಿ ತಟ್ಟೆಯಂತೆ ಕಾಣುತ್ತದೆ.’ ‘ಸರಿ. ನಿಮ್ಮ ಕಚೇರಿಯ ಕಿಟಕಿ ತೆರೆದಿತ್ತು.’ ಆರು ವರ್ಷಗಳಲ್ಲಿ ಅಂಥ ಇಪ್ಪತ್ತಾರು ಸಾಲುಗಳಿದ್ದವು. ಅವು ಕಚೇರಿಯ ದಾಖಲೆಗಳಾದ್ದರಿಂದ ನಾನು ಮನೆಗೆ ಒಯ್ಯಲಿಲ್ಲ. ಓದಿ ಕಡತಕ್ಕೆ ಸೇರಿಸಿದೆ. ಈ ಬಾರಿ ಚೀಟಿಯನ್ನು ಕೈಯಲ್ಲಿ ಹಿಡಿದು ನಾನೇ ಶೆಡ್ಡಿಗೆ ಹೋದೆ. ಲಾಡಸಾಬರೂ ಅಲ್ಲಿಯೇ ಇದ್ದರು.

“ದಿನಾ ಇನ್ನೂರ ಅರವತ್ತು,” ಎಂದು ಅರವಟಗಿಯವರು ಚೀಟಿಯನ್ನು ಎರಡು ಸಲ ಓದಿದರು. “ಈ ಸಲ ಇನ್ನೂರ ಎಪ್ಪತ್ತೊಂಬತ್ತು ಯಾಕ್ರೀ?”

ನಾನು ಕಾರಣವನ್ನು ಪೂರ್ತಿಯಾಗಿ ಹೇಳಿದೆ. ಲಾಡಸಾಬರು ಕೇಳುತ್ತಲೇ ಹಲ್ಲು ಬಿಟ್ಟು ನಗತೊಡಗಿದರು. ಅರವಟಗಿಯವರು ನಗಲಿಲ್ಲ.

“ಇನ್ನೂರ ಎಪ್ಪತ್ತು ದಾಟಿದ್ರ ಬಲರೆಕ್ಕಿ ನಡಗತೈತಿ. ಎಷ್ಟು ಹೊತ್ತು ಬೇಕು?”

“ಹನ್ನೊಂದು ಸೆಕೆಂಡ್. ಅಪಾಯ ಅನ್ನಿಸಿದ್ರ ಬ್ಯಾಡ್ರಿ. ಚೀಟಿ ಬದಲಿ ಮಾಡ್ತೀನಿ.”

“ಸಾಬ್ರ?” ಎಂದು ಅವರು ಮಿಸ್ತ್ರಿಯವರತ್ತ ತಿರುಗಿದರು.

“ಹನ್ನೊಂದು ಸೆಕೆಂಡ್ ತಡೀತೈತಿ. ಹನ್ನೆರಡಕ್ಕ ನನ್ನ ಕೇಳಬ್ಯಾಡ್ರಿ,” ಎಂದ ಲಾಡಸಾಬರು ಆಗಲೇ ರೆಕ್ಕೆಯ ಬೋಲ್ಟುಗಳ ಕಡೆ ನಡೆದಿದ್ದರು.

ಅರವಟಗಿಯವರು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. “ಈ ಸಲ ಇದು ತಿರುಗಿ ಬರಂಗಿಲ್ಲ ನೋಡ್ರಿ,” ಎಂದರು. ನನಗೆ ಅದು ಗೊತ್ತಿತ್ತು. ಮೀನಿನ ಸಂಸ್ಥೆ ವಿಮಾನದೊಂದಿಗೆ ಅವರನ್ನೂ ಕೆಲಸಕ್ಕೆ ತೆಗೆದುಕೊಂಡಿತ್ತು. ಹೇಳಬಹುದಾಗಿದ್ದ ಮಾತು ಒಂದಿತ್ತು. ಅದನ್ನು ಹೇಗೆ ಕ್ರಮವಾಗಿ ಆರಂಭಿಸಬೇಕೆಂದು ತೋಚದೆ, ಆ ದಿನ ಗಾಳಿ ನೈಋತ್ಯದಿಂದ ಬೀಸುವ ಸಂಭವವಿದೆ ಎಂದು ತಿಳಿಸಿ ಬಂದೆ. ಸಂಜೆ ಕಮಾಂಡರರಿಗೆ ಮತ್ತೊಂದು ಚೀಟಿ ಕಳಿಸಿದೆ: ಹಿರಿಯರನ್ನು ವೇದಿಕೆಯ ಎಡಭಾಗದಲ್ಲಿ ಕೂರಿಸುವುದು ಒಳ್ಳೆಯದು.

ಗುರುವಾರ ಒಂಬತ್ತೂವರೆಗೆ ನಾನು ಮೈದಾನದ ಅಂಚಿನ ನೀರಿನ ಟಾಕಿಯ ಮೆಟ್ಟಿಲೇರಿ ನಿಂತೆ. ಒಂದು ಬದಿಗೆ ವೇದಿಕೆ, ಇನ್ನೊಂದು ಬದಿಗೆ ಹಪ್ಪಳದ ಓಣಿ. ಎರಡೂ ಕಾಣುವ ಜಾಗ ಅದೊಂದೇ. ವೇದಿಕೆಯ ಎಡಭಾಗದಲ್ಲಿ ಹಳೆಯ ಸಮವಸ್ತ್ರಗಳು, ಮಸುಕಾದ ಪಟ್ಟಿಗಳು, ಬಲಭಾಗದಲ್ಲಿ ಸಚಿವಾಲಯದವರು. ಓಣಿಯಲ್ಲಿ ನೀಲಗಂಗವ್ವ ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಹತ್ತಕ್ಕೆ ಎರಡು ನಿಮಿಷವಿರುವಾಗ ಪೂರ್ವದಿಂದ ಸದ್ದು ಬಂತು. ವೇದಿಕೆಯ ಮೇಲೆ ಕಣ್ಣು ಕಾಣದ ಆ ಒಬ್ಬ ಹಿರಿಯರು ಮೊದಲು ಎದ್ದು ನಿಂತರು. ಆಮೇಲೆ ಉಳಿದವರು. ವಿಮಾನ ಕೆಳಗೆ ಹಾರುತ್ತಿತ್ತು. ನಾನು ಎಣಿಸತೊಡಗಿದೆ. ನಾಲ್ಕನೆಯ ಸೆಕೆಂಡಿಗೆ ಬಲರೆಕ್ಕೆಯ ತುದಿ ಮಸುಕಾಗಿ ಕಂಡಿತು. ಅದು ನಡುಗುತ್ತಿತ್ತು, ಲೋಹದ ಗಲಗಲ ಸದ್ದು ಇಂಜಿನ್ನಿನ ಸದ್ದಿನ ಮೇಲೆ ಕೇಳುತ್ತಿತ್ತು. ಆರು, ಏಳು. ಅವರು ವಾಲಿಸಿದರು. ವೇದಿಕೆ ಕಪ್ಪಾಯಿತು. ಮುದುಕರ ಎಡಸಾಲಿನಿಂದ ಒಂದು ದೀರ್ಘವಾದ ಉಸಿರು ಮೇಲೆದ್ದದ್ದು ನನಗೆ ಟಾಕಿಯವರೆಗೆ ಕೇಳಿಸಿತು. ಬಲಭಾಗದಲ್ಲಿ ಸಚಿವಾಲಯದವರು ಬಿಸಿಲಿನಲ್ಲಿಯೇ ಇದ್ದು ಮೇಲೆ ಕೆಳಗೆ ನೋಡತೊಡಗಿದರು. ಒಂದು, ಎರಡು, ಮೂರು, ಮತ್ತು ಒಂದು ದಶಾಂಶ. ನಾನು ತಿರುಗಿ ನೋಡಿದೆ. ಹದಿಮೂರು ಮೀಟರ್ ಉದ್ದದ ಒಂದು ರೆಕ್ಕೆ ನೀಲಗಂಗವ್ವನ ಅಂಗಳದಲ್ಲಿ, ಗೋಡೆಯಿಂದ ಗೋಡೆಗೆ, ಅಳೆದು ಹಾಸಿದಂತೆ ಬಿದ್ದಿತ್ತು.

ಹನ್ನೊಂದನೆಯ ಸೆಕೆಂಡಿಗೆ ಸರಿಯಾಗಿ ವೇಗ ಇಳಿಯಿತು. ವಿಮಾನ ಒಂದು ಸುತ್ತು ಹಾಕೀತು ಎಂದು ಎಲ್ಲರೂ ಕಾದರು. ಆದೇಶದಲ್ಲಿ ಸುತ್ತು ಇರಲಿಲ್ಲ. ಅದು ಪಶ್ಚಿಮಕ್ಕೆ, ಬರಿ ಬಂಡೆಗಳ ಮೇಲೆ, ಕೆಳಗೆ ನೆರಳಿಲ್ಲದೆ ಹೋಯಿತು. ಸದ್ದು ಮುಗಿದ ಮೇಲೂ ಆ ಮುದುಕರು ನಿಂತೇ ಇದ್ದರು. ಅವರಿಗೆ ಮುಗಿದದ್ದು ಇನ್ನೂ ಕೇಳಿಸುತ್ತಿತ್ತೇನೋ. ನನಗಂತೂ ಕೇಳಿಸುತ್ತಿತ್ತು.

ಮಧ್ಯಾಹ್ನ ಕಮಾಂಡರರು ಕರೆದರು. ಸರದಿ ಪುಸ್ತಕ ಅವರ ಮೇಜಿನ ಮೇಲಿತ್ತು.

“ಬಲಗಡೆ ರೆಕ್ಕಿ ಎಲ್ಲಿ ಹೋತ್ರೀ?”

“ತಡವಾಗಿ ಬಿತ್ತು ಸರ್.”

“ಎಲ್ಲಿ ಬಿತ್ತು ಅಂತ ಕೇಳಾಕತ್ತೀನಿ.”

“ಪಾಳಿ ಯಾರದಿತ್ತೋ ಅಲ್ಲಿ.”

ಅವರು ಜೇಬಿನಿಂದ ನನ್ನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಹಿರ್ಯಾರನ್ನ ಎಡಗಡೆ ಕುಂಡ್ರಸ್ರಿ ಅಂತ ಬರದೀರಿ. ಮೊದಲಽ ಗೊತ್ತಿತ್ತು ನಿಮಗ.” ನಾನು ಒಪ್ಪಿಕೊಂಡೆ. ಅವರು ಕಿಟಕಿಯಾಚೆ ಖಾಲಿ ಶೆಡ್ಡನ್ನು ನೋಡುತ್ತಾ ಕುಳಿತರು. “ಸಚಿವಾಲಯದ ಮಂದಿ ವರದಿ ಕೇಳ್ಯಾರ. ಬೇಕಂತ ಮಾಡಿದ್ದು ಅಂದ್ರ ಅರವಟಗಿದು ಲೈಸೆನ್ಸ್ ಹೋಗ್ತೈತಿ. ಲಾಡಸಾಬಂದು ಪಿಂಚಣಿ ಹೋಗ್ತೈತಿ. ಲೆಕ್ಕ ತಪ್ಪಿತ್ತು ಅಂದ್ರ ಯಾರದೂ ಏನೂ ಹೋಗಂಗಿಲ್ಲ.” ಪುಸ್ತಕದ ಮೇಲೆ ಕೈಯಿಟ್ಟು, “ನಿಮ್ಮದೊಂದು ಬಿಟ್ಟು,” ಎಂದರು.

ಪುಸ್ತಕವನ್ನು ನನ್ನತ್ತ ತಳ್ಳಿದರು. ಆರು ವರ್ಷಗಳ ನನ್ನ ಅಕ್ಷರ, ಪ್ರತಿ ಸಾಲಿನ ಕೊನೆಗೆ ಮೀಟರಿನಲ್ಲಿ ವ್ಯತ್ಯಾಸ. ಕೊನೆಯ ಸಾಲಿನಲ್ಲಿ ನಾನು ಬರೆದೆ: ‘ಬಲರೆಕ್ಕೆ. ವ್ಯತ್ಯಾಸ 240 ಮೀಟರ್. ಕಾರಣ: ಲೆಕ್ಕ ಸಹಾಯಕಿಯ ತಪ್ಪು.’ ಸಹಿ ಹಾಕಿದೆ. ಇಡೀ ಪುಸ್ತಕದಲ್ಲಿ ಸುಳ್ಳಾದ ಸಾಲು ಅದೊಂದೇ. ಸೊನ್ನೆ ವ್ಯತ್ಯಾಸವಿದ್ದ ಸಾಲೂ ಅದೊಂದೇ ಆಗಬೇಕಿತ್ತು. ಕಮಾಂಡರರು ತಾವೂ ಸಹಿ ಹಾಕಿ, ಪುಸ್ತಕ ಮುಚ್ಚಿ, ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದರು. ನಾನು ಸೈನಿಕಳಲ್ಲವಾದ್ದರಿಂದ ಹೇಗೆ ಉತ್ತರಿಸಬೇಕೆಂದು ತಿಳಿಯದೆ ನಮಸ್ಕಾರ ಮಾಡಿದೆ.

ಮರುದಿನದಿಂದ ನನಗೆ ಕಚೇರಿ ಇರಲಿಲ್ಲ. ಹಪ್ಪಳದ ಓಣಿಗೆ ಹೋದೆ. ನೀಲಗಂಗವ್ವ ನೆರಳಿನ ನಡುವೆ ಕಂಬಳಿ ಹಾಸಿ ಕುಳಿತಿದ್ದಳು, ಆದರೆ ಕೂರಲು ಆಕೆಗೆ ಬರುತ್ತಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಏಳುವಳು. ಅಂಗೈಗಳು ತಾವಾಗಿಯೇ ತೊಡೆಯ ಮೇಲೆ ಹಿಂದೆ ಮುಂದೆ ಉರುಳುತ್ತಿದ್ದವು. ಸಾವಕಾರ ಒಮ್ಮೆ ಬಂದು ಇಣುಕಿದ.

“ಒಂದ ಐವತ್ತರ ಲಟ್ಟಿಸಿಡು ನೀಲವ್ವ, ಆಮೇಲೆ ಒಣಗಸಂತಿ.”

“ಕಣ್ಣು ಅದಾವಿಲ್ಲೋ ನಿನಗ? ವಿಮಾನ ಬಿದ್ದೈತಿ ನನ್ನ ಅಂಗಳದಾಗ!” ಎಂದು ಆಕೆ ಕೂಗಿದಳು. ಓಣಿಯವರೆಲ್ಲ ನಕ್ಕರು. ಸಾವಕಾರನೂ ನಕ್ಕು, ಚಪ್ಪಲಿ ಕಳಚಿ ಒಂದು ಕಾಲನ್ನು ನೆರಳಿನೊಳಗಿಟ್ಟು, ಸ್ವಲ್ಪ ಹೊತ್ತು ನಿಂತು ಹೋದ.

ಆ ಎರಡನೆಯ ದಿನವೇ ನೆರೆಯವರು ಮಕ್ಕಳೊಂದಿಗೆ ಬಂದರು. ಆಕೆ ಬೈದು ಅಂಚಿಗೆ ಕೂರಿಸಿದಳು. ಮೂರನೆಯ ದಿನ ಅಂಚೇ ಒಳಗೆ ಬಂದಿತ್ತು. ಅವರೇ ಎದ್ದು ಹೋದರು. ನನಗೆ ಮಾತ್ರ, “ನೀ ಕುಂಡ್ರು, ನೀ ತಂದಾಕಿ,” ಎಂದಳು. ನಾನು ನೆರಳಿನೊಳಗೆ ಕಾಲಿಟ್ಟೆ. ಶಾಲೆಯ ದಿನಗಳ ನಂತರ ಮೊದಲ ಸಲ. ಆ ತಂಪನ್ನು ಅಳೆಯುವ ಯಾವ ಉಪಕರಣವೂ ನನ್ನ ಬಳಿ ಇರಲಿಲ್ಲ, ಅದಕ್ಕಾಗಿ ಬೇಸರವೂ ಆಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನದ ಊಟದ ನಂತರ ಮಾತಾಡುತ್ತಿದ್ದವಳು ಮಾತಿನ ನಡುವೆಯೇ ನಿದ್ದೆ ಹೋದಳು. ಕೈಗಳು ನಿಂತವು. ನೋಡನೋಡುತ್ತ ಮುಖ ಸಡಿಲಾಯಿತು. ಕಣ್ಣಿನ ಎರಡೂ ಬದಿಗೆ ಸುಕ್ಕುಗಳು ಬಿಚ್ಚಿಕೊಂಡಾಗ ಅವುಗಳ ಒಳಗಿನಿಂದ ತೆಳ್ಳಗಿನ, ತಿಳಿಬಣ್ಣದ ಗೆರೆಗಳು ಹೊರಬಂದವು. ಇಷ್ಟು ವರ್ಷ ಬಿಸಿಲು ಮುಟ್ಟದ ಚರ್ಮ. ಆಕೆ ಹುಡುಗಿಯಾಗಿದ್ದಾಗ ಯಾವ ಬಣ್ಣದವಳಾಗಿದ್ದಳೆಂದು ಆ ಗೆರೆಗಳಲ್ಲಿ ಕಾಣುತ್ತಿತ್ತು.

ಮೂರೂವರೆಯ ಹೊತ್ತಿಗೆ ನೆರಳು ಒಂದು ಚಾಪೆಯಷ್ಟಾಗಿತ್ತು. ಅಂಚು ಆಕೆಯ ಪಾದಗಳನ್ನು ದಾಟಿತು, ಮೊಣಕಾಲು ದಾಟಿತು. ಇನ್ನೊಂದು ಬದಿಯಿಂದ ಹೆಗಲಿಗೆ ಬಂತು. ಕೊನೆಗೆ ಆಕೆಯ ಮುಖದಷ್ಟೇ ಉಳಿದು, ಅದೂ ಹೋಯಿತು. ಬೆಳಕು ರೆಪ್ಪೆಯ ಮೇಲೆ ಬಿದ್ದೊಡನೆ ಸುಕ್ಕುಗಳು ಮತ್ತೆ ಕೂಡಿಕೊಳ್ಳತೊಡಗಿದವು.

ನಾನು ಎದ್ದು ಆಕೆಯ ಪಶ್ಚಿಮಕ್ಕೆ, ಸೂರ್ಯನಿಗೆ ಬೆನ್ನು ಮಾಡಿ ನಿಂತೆ. ನನ್ನ ನೆರಳು ತಂಪು ಕೊಡಲಾರದು, ಬೆಳಕನ್ನು ತಡೆಯಬಲ್ಲದು. ಅದರ ತಲೆಯ ಭಾಗ ಆಕೆಯ ಮುಖದ ಮೇಲೆ ಸರಿಯಾಗಿ ಬಿದ್ದಿತು. ಗೆರೆಗಳು ಮತ್ತೆ ತೆರೆದುಕೊಂಡವು. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಅಷ್ಟು ದೂರಕ್ಕೆ ಅದು ನೆಲದ ಮೇಲೆ ಎರಡು ಬೆರಳಿನ ಅಗಲ. ನಾಲ್ಕು ನಿಮಿಷಕ್ಕೊಮ್ಮೆ ನಾನು ಎರಡು ಬೆರಳಿನಷ್ಟು ಸರಿದೆ. ಆಕೆ ಎದ್ದದ್ದು ಐದೂಕಾಲಕ್ಕೆ.